ಅಮ್ಮನನ್ನು ಜೈಲಿಗೆ ಹಾಕಬೇಡಿ, ಮದುವೆ ನಿಲ್ಲಿಸಿ

ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಒಳಉಡುಪಿನೊಳಗೆ ಒಂದು ಚಮಚ ಸಿಕ್ಕಿಸಿಕೋ. ಇಂಗ್ಲೆಂಡಿನ ಕರ್ಮ ನಿರ್ವಾಣ ಅನ್ನುವ ಸಂಸ್ಥೆ ಬಲವಂತದ ಮದುವೆಯ ಭಯದಲ್ಲಿ ಸಹಾಯ ಕೇಳಿ ಫೋನ್ ಮಾಡುವ ಹುಡುಗಿಯರಿಗೆ ಕೊಡುತ್ತಿದ್ದ ಸಲಹೆ ಇದು. ಅಪ್ಪ ಅಮ್ಮ ಪಕ್ಕದಲ್ಲೇ ನಿಂತಿರುತ್ತಾರೆ, ಪಾಸ್‌ಪೋರ್ಟ್ ಅವರ ಕೈಯಲ್ಲಿರುತ್ತದೆ, "ಅಜ್ಜಿಗೆ ಹುಷಾರಿಲ್ಲ, ನೋಡ್ಕೊಂಡು ಬರೋಣ" ಅಂತಲೋ "ಚಿಕ್ಕಪ್ಪನ ಮಗನ ಮದುವೆ ಇದೆ" ಅಂತಲೋ ಹೇಳಿ ಹೊರಡಿಸಿರುತ್ತಾರೆ, ಮದುವೆ ತನ್ನದೇ ಇರಬಹುದು ಅನ್ನುವ ಅನುಮಾನ ಅವಳಿಗೆ ಮಾತ್ರ. ಬಾಯಿ ಬಿಡುವ ಹಾಗಿಲ್ಲ. ಚಮಚ ಇದ್ದರೆ ಮೆಟಲ್ ಡಿಟೆಕ್ಟರ್ ಕೂಗುತ್ತದೆ. ತಪಾಸಣೆಗೆ ಅಂತ ಬೇರೆ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಮನೆಯವರಿಲ್ಲದ ಎರಡು ನಿಮಿಷ ಸಿಗುತ್ತದೆ. 2018ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಆಡಳಿತವೂ ಇದೇ ಸಲಹೆಯನ್ನು ಎತ್ತಿಕೊಂಡಿತು.

ಸರಿ, ಆ ಎರಡು ನಿಮಿಷದಲ್ಲಿ ಹುಡುಗಿ ಹೇಳಿಯೇಬಿಟ್ಟಳು ಅಂದುಕೊಳ್ಳಿ. ಎದುರಿಗಿರುವ ಸರ್ಕಾರಿ ನೌಕರ ಆಮೇಲೆ ಏನು ಮಾಡಬೇಕು? ಅಪ್ಪನಿಗೆ ಕೋಳ ಹಾಕಬೇಕಾ? ಹುಡುಗಿಯನ್ನು ಎಲ್ಲಿಗೆ ಕಳಿಸಬೇಕು? ಅವಳು ರಾತ್ರಿ ಎಲ್ಲಿ ಮಲಗುತ್ತಾಳೆ? ಬ್ರಿಟನ್, ಡೆನ್ಮಾರ್ಕ್, ನಾರ್ವೆ, ಜರ್ಮನಿ, ಆಸ್ಟ್ರೇಲಿಯಾ ಎಲ್ಲವೂ ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇವೆ. ಕೆಲವು ಉತ್ತರ ಕೆಲಸ ಮಾಡಿವೆ, ಕೆಲವು ಹೆಸರಿಗೆ ಹುಡುಗಿಯನ್ನು ಉಳಿಸುವ ಕಾನೂನು, ಒಳಗೆ ನೋಡಿದರೆ ವಲಸಿಗರನ್ನು ತಡೆಯುವ ಕಾನೂನು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ, ಯಾಕೆಂದರೆ ನಮ್ಮ ಕಡೆಯವರಿಗೆ ಇದನ್ನು ಓದುವಾಗ ಸಣ್ಣದೊಂದು ಮುಜುಗರ ಆಗಿಯೇ ಆಗುತ್ತದೆ. ಮನೆಯವರು ನೋಡಿ ಮಾಡುವ ಮದುವೆ ಬೇರೆ, ಬಲವಂತದ ಮದುವೆ ಬೇರೆ. ಬ್ರಿಟನ್ನಿನ ಕಾನೂನು ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಹುಡುಗ ಹುಡುಗಿಯನ್ನು ಮನೆಯವರು ತೋರಿಸಬಹುದು, "ಬೇಡ" ಅನ್ನುವ ಹಕ್ಕು ಅವರಿಗಿದ್ದರೆ ಸಾಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮನೆಯೊಳಗೆ ಆ "ಬೇಡ" ಹೇಗಿರುತ್ತದೆ ಅಂತ ನಮಗೆ ಗೊತ್ತಿಲ್ವಾ? ಅಮ್ಮ ಎರಡು ದಿನ ಊಟ ಬಿಡುತ್ತಾಳೆ. ಅಪ್ಪ ಮಾತು ಬಿಡುತ್ತಾರೆ. ಅಜ್ಜಿ "ನನ್ನ ಕಣ್ಣು ಮುಚ್ಚೋದ್ರೊಳಗೆ" ಅಂತ ಶುರು ಮಾಡುತ್ತಾರೆ. ದೊಡ್ಡಪ್ಪ ಬಂದು ಮನೆತನದ ಮರ್ಯಾದೆಯ ಬಗ್ಗೆ ಒಂದು ಗಂಟೆ ಮಾತಾಡಿ, ಕಾಫಿ ಕುಡಿದು ಹೋಗುತ್ತಾರೆ. ಮೂರನೇ ದಿನ ಹುಡುಗಿ "ಆಯ್ತು" ಅನ್ನುತ್ತಾಳೆ. ಇದು ಒಪ್ಪಿಗೆಯಾ?

ಇಂಗ್ಲೆಂಡಿನ ಕೋರ್ಟುಗಳು ಇದೇ ಪ್ರಶ್ನೆಗೆ ಹನ್ನೆರಡು ವರ್ಷದ ಅಂತರದಲ್ಲಿ ಎರಡು ಉಲ್ಟಾ ಉತ್ತರ ಕೊಟ್ಟಿವೆ, ಮತ್ತು ಎರಡೂ ಕೇಸುಗಳು ಭಾರತೀಯ ಮನೆಗಳದ್ದೇ. 1971ರದ್ದು 17 ವರ್ಷದ ಸಿಖ್ ಹುಡುಗಿಯದು. ಹುಡುಗನನ್ನು ಮದುವೆಗೆ ಮುಂಚೆ ನೋಡಿಯೇ ಇರಲಿಲ್ಲ. ರಿಜಿಸ್ಟರ್ ಕಚೇರಿಯಲ್ಲಿ ಮದುವೆ ಆಯಿತು, ಅಲ್ಲಿ ಅವನನ್ನು ನೋಡಿದ ಮೇಲೆ ಅವಳು ಮುಂದಿನ ಶಾಸ್ತ್ರಕ್ಕೆ ಒಪ್ಪಲಿಲ್ಲ. ಮದುವೆ ರದ್ದು ಮಾಡಿ ಅಂತ ಕೋರ್ಟಿಗೆ ಹೋದಳು. ಕೋರ್ಟ್ ಒಪ್ಪಲಿಲ್ಲ. ಜೀವಕ್ಕೋ ಕೈಕಾಲಿಗೋ ಸ್ವಾತಂತ್ರ್ಯಕ್ಕೋ ಅಪಾಯ ಇದ್ದರೆ ಅದು ಬಲವಂತ, ಅಪ್ಪ ಅಮ್ಮನ ಮೇಲಿನ ಗೌರವಕ್ಕೆ ತಲೆಬಾಗಿದ್ದು ಬಲವಂತ ಅಲ್ಲ ಅಂದಿತು. 1983ರ ಹೊತ್ತಿಗೆ ವರದಿಯಾದ ಇನ್ನೊಂದು ಕೇಸಿನಲ್ಲಿ ಹುಡುಗಿಗೆ 19, ಹಿಂದೂ ಮನೆ. ಮುಸ್ಲಿಂ ಹುಡುಗನ ಜೊತೆ ಓಡಾಡುತ್ತಾಳೆ ಅಂತ ಗೊತ್ತಾದ ತಕ್ಷಣ ಮನೆಯವರು ಬೇರೊಬ್ಬನ ಜೊತೆ ಮದುವೆ ಗೊತ್ತು ಮಾಡಿದರು, ಆ ಹುಡುಗನನ್ನು ಅವಳಿರಲಿ, ಹೆತ್ತವರೂ ನೋಡಿರಲಿಲ್ಲ. ಮದುವೆಯಾಗು, ಇಲ್ಲ ಪೆಟ್ಟಿಗೆ ಕಟ್ಟಿಕೊಂಡು ಮನೆ ಬಿಡು, ಇಷ್ಟೇ ಅವರ ಮಾತು. ಕೈಯೆತ್ತಿ ಹೊಡೆದಿದ್ದಿಲ್ಲ, ಕೊಲ್ಲುತ್ತೇವೆ ಅಂದಿದ್ದೂ ಇಲ್ಲ. ಆರು ವಾರ ಗಂಡನ ಮನೆಯಲ್ಲಿದ್ದು ಹೊರಟುಬಂದಳು. ಈ ಸಲ ಮೇಲಿನ ಕೋರ್ಟ್, ಅವಳ ಮನಸ್ಸನ್ನು ಮುರಿದು ಹೂಂ ಅನ್ನಿಸಿದ್ದಾರೆ, ಅದೇ ಸಾಕು ಅಂತ ಹೇಳಿ ಮದುವೆ ರದ್ದು ಮಾಡಿತು. 19 ವರ್ಷದ, ದುಡಿಮೆ ಇಲ್ಲದ ಹುಡುಗಿಗೆ ಮನೆ ಬಿಡು ಅನ್ನುವುದೇ ಎಷ್ಟು ದೊಡ್ಡ ಬೆದರಿಕೆ ಅನ್ನೋದು ನ್ಯಾಯಾಧೀಶರಿಗೆ ಅರ್ಥವಾಗಿತ್ತು. ಇವತ್ತಿಗೂ ಈ ವಿಷಯದಲ್ಲಿ ನನಗೆ ಇದಕ್ಕಿಂತ ಮುಖ್ಯವಾದ ತೀರ್ಪು ಕಾಣುವುದಿಲ್ಲ.

ಕೋರ್ಟಿಗೆ ಅರ್ಥವಾಗಿದ್ದು ಸರ್ಕಾರಕ್ಕೆ ಅರ್ಥವಾಗಲು ಮತ್ತೆ ಹದಿನೈದು ವರ್ಷ ಬೇಕಾಯಿತು. ಎಂಬತ್ತು ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಪೊಲೀಸರು, ಟೀಚರುಗಳು, ಸೋಶಿಯಲ್ ವರ್ಕರ್‌ಗಳು "ಅದು ಅವರ ಸಂಸ್ಕೃತಿ, ನಾವ್ಯಾಕೆ ಕೈಹಾಕೋದು" ಅಂತ ಸುಮ್ಮನಿರುತ್ತಿದ್ದರು. ಜನಾಂಗದ್ವೇಷಿ ಅನ್ನಿಸಿಕೊಳ್ಳುವ ಭಯ ಒಂದು ಕಡೆ, ನಿಜವಾದ ಉದಾಸೀನ ಇನ್ನೊಂದು ಕಡೆ. ಬಿಳಿ ಹುಡುಗಿ "ನನ್ನನ್ನು ಮನೆಯಲ್ಲಿ ಕೂಡಿಹಾಕಿದ್ದಾರೆ" ಅಂದರೆ ಓಡಿಬರುವ ಪೊಲೀಸಪ್ಪ, ಪಂಜಾಬಿ ಹುಡುಗಿ ಅಂದರೆ ಮನೆಗೇ ವಾಪಸ್ ಬಿಟ್ಟು ಬರುತ್ತಿದ್ದ. 1998ರಲ್ಲಿ ಡರ್ಬಿಯ 19 ವರ್ಷದ ಗರ್ಭಿಣಿಯೊಬ್ಬಳು, ಬಲವಂತದ ಮದುವೆಯಿಂದ ಹೊರಬರಲು ನೋಡಿದ್ದಕ್ಕೆ, ಸ್ವಂತ ತಾಯಿ ಮತ್ತು ಅಣ್ಣನ ಕೈಯಲ್ಲೇ ಕೊಲೆಯಾದಳು. ಮರುವರ್ಷ ಗೃಹ ಖಾತೆಯ ಸಚಿವ ಮೈಕ್ ಒಬ್ರಿಯನ್ ಸಂಸತ್ತಿನಲ್ಲಿ ಎದ್ದು ನಿಂತು, ಬೇರೆಯವರ ಸಂಸ್ಕೃತಿಗೆ ಮರ್ಯಾದೆ ಕೊಡುವುದು ಕಣ್ಣು ಮುಚ್ಚಿಕೊಳ್ಳಲು ನೆಪ ಆಗಬಾರದು ಅನ್ನುವ ಅರ್ಥದ ಮಾತಾಡಿದರು. ಒಂದು ಸಮಿತಿ ಆಯಿತು. 2000ದಲ್ಲಿ ಅದರ ವರದಿ ಬಂತು.

ಆ ಸಮಿತಿಯೊಳಗೆ ನಡೆದ ಜಗಳ ವರದಿಗಿಂತ ಮುಖ್ಯ. ಮನೆಯವರನ್ನೂ ಹುಡುಗಿಯನ್ನೂ ಕೂರಿಸಿ ರಾಜಿ ಮಾಡಿಸುವ ದಾರಿಯನ್ನೂ ಒಂದು ಆಯ್ಕೆಯಾಗಿ ಇಡಬೇಕು ಅಂತ ಸಮಿತಿಯಲ್ಲಿ ಹೆಚ್ಚಿನವರು ಹೇಳಿದರು. ಲಂಡನ್ನಿನಲ್ಲಿ 1979ರಿಂದ ಕೆಲಸ ಮಾಡುತ್ತಿದ್ದ ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್ ಅನ್ನುವ ಮಹಿಳಾ ಸಂಘಟನೆ ಆಗಲ್ಲ ಅಂದಿತು, ಅವರ ಪ್ರತಿನಿಧಿ ಸಮಿತಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಯಾಕೆ ಅಂತ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಊರಿನ ಕಟ್ಟೆ ಪಂಚಾಯ್ತಿ ನೋಡಿದವರಿಗೆ ಗೊತ್ತು: ಹಿರಿಯರು ಕೂರುತ್ತಾರೆ, ಎರಡೂ ಕಡೆ ಕೇಳುತ್ತಾರೆ, ಕೊನೆಗೆ "ನೀನೇ ಸ್ವಲ್ಪ ಹೊಂದ್ಕೊಂಡು ಹೋಗಮ್ಮ" ಅಂತ ಅವಳನ್ನು ಅದೇ ಮನೆಗೆ ಕಳಿಸುತ್ತಾರೆ. ಆಮೇಲೆ ಬಾಗಿಲು ಮುಚ್ಚಿದ ಮೇಲೆ ಏನಾಯಿತು ಅಂತ ಕೇಳಲು ಯಾವ ಹಿರಿಯನೂ ಬರುವುದಿಲ್ಲ. ಸರ್ಕಾರಗಳಿಗೆ ಮಾತ್ರ ಈ "ಸಮುದಾಯದ ಮುಖಂಡರು" ಅಂದರೆ ಬಹಳ ಇಷ್ಟ. ಒಂದು ಫೋನ್ ಮಾಡಿದರೆ ಸಿಗುತ್ತಾರೆ, ಸಭೆಗೆ ಬರುತ್ತಾರೆ, ವೋಟು ತರುತ್ತಾರೆ. ಹದಿನೇಳರ ಹುಡುಗಿ ಇದ್ಯಾವುದನ್ನೂ ತರುವುದಿಲ್ಲ. ಈಗ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯಲ್ಲೇ ಕುಟುಂಬದ ಜೊತೆ ರಾಜಿಗೆ ಹೋಗಬೇಡಿ, ಅದು ಜೀವಕ್ಕೇ ಅಪಾಯ ಅಂತ ಬರೆದಿದೆ. ಸಿಗುವುದು ಒಂದೇ ಅವಕಾಶ ಇರಬಹುದು, ಅವಳು ಎದುರು ಬಂದು ನಿಂತಾಗ "ನಾಳೆ ಬಾ" ಅನ್ನಬೇಡಿ ಅಂತಲೂ ಇದೆ. ಇದಕ್ಕೆ ಅವರು ಒಂದೇ ಅವಕಾಶದ ನಿಯಮ ಅಂತಲೇ ಹೆಸರಿಟ್ಟಿದ್ದಾರೆ.

2005ರಲ್ಲಿ ವಿದೇಶಾಂಗ ಮತ್ತು ಗೃಹ ಇಲಾಖೆಗಳು ಸೇರಿ ಬಲವಂತದ ಮದುವೆ ಘಟಕ ಅಂತ ಒಂದು ಸಣ್ಣ ಕಚೇರಿ ತೆರೆದವು. ಒಂದು ಹೆಲ್ಪ್‌ಲೈನ್, ಒಂದಷ್ಟು ಸಿಬ್ಬಂದಿ, ಹೊರದೇಶಗಳಲ್ಲಿರುವ ಬ್ರಿಟಿಷ್ ಹೈಕಮಿಷನ್‌ಗಳ ಜೊತೆ ನೇರ ಸಂಪರ್ಕ. 2018ರಲ್ಲಿ ಈ ಘಟಕದ ಮುಂದೆ ಬಂದ ಪ್ರಕರಣಗಳು 1,764. ಇದರಲ್ಲಿ ಪಾಕಿಸ್ತಾನಕ್ಕೆ ಸಂಬಂಧಪಟ್ಟವು 769, ಬಾಂಗ್ಲಾದೇಶಕ್ಕೆ 157, ಭಾರತಕ್ಕೆ 110. "ಇದು ಮುಸಲ್ಮಾನರ ಸಮಸ್ಯೆ, ನಮ್ಮದಲ್ಲ" ಅಂತ ವಾಟ್ಸಾಪಿನಲ್ಲಿ ಹೇಳುವವರು ಆ 110ನ್ನೂ, ಮೇಲಿನ ಎರಡು ಕೋರ್ಟ್ ಕೇಸುಗಳನ್ನೂ ಒಂದು ಸಲ ನೋಡಬಹುದು. 2023ರ ಸಂಖ್ಯೆ 283ಕ್ಕೆ ಇಳಿದಿದೆ, ಹಾಗಂತ ಸಮಸ್ಯೆ ಇಳಿಯಿತು ಅಂತಲ್ಲ, ನಡುವೆ ಎಣಿಸುವ ರೀತಿಯೇ ಬದಲಾಗಿದೆ. ಬರೀ ವಿಚಾರಿಸಲು ಬಂದ ಕರೆಗಳನ್ನು ಬೇರೆ ಪಟ್ಟಿಗೆ ಹಾಕಿದ್ದಾರೆ.

ಈಗ ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಅನ್ನಿಸುವ ಜಾಗಕ್ಕೆ ಬರುತ್ತೇನೆ. ಈ ಹುಡುಗಿಯರ ಜೊತೆ ಕೆಲಸ ಮಾಡಿದ ಎಲ್ಲರೂ ಹೇಳುವ ಮಾತು ಒಂದೇ. ಅವಳಿಗೆ ಮದುವೆ ನಿಲ್ಲಬೇಕು, ಅಮ್ಮ ಜೈಲಿಗೆ ಹೋಗಬಾರದು. ಎರಡೂ ಒಟ್ಟಿಗೇ ಬೇಕು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಪಾಸ್‌ಪೋರ್ಟ್ ಬಚ್ಚಿಟ್ಟ ಅಮ್ಮನ ಮೇಲೆ ಪ್ರೀತಿ ಹೇಗಿರುತ್ತೆ ಅಂತ. ಇರುತ್ತದೆ. ನಾಳೆ ತಂಗಿಯ ಸ್ಕೂಲ್ ಫೀಸ್ ಕಟ್ಟುವವರು, ಜ್ವರ ಬಂದರೆ ರಾತ್ರಿಯಿಡೀ ಎದ್ದಿರುವವರು ಅವರೇ.

2007ರ ಕಾನೂನು ಈ ಮಾತನ್ನು ಕೇಳಿಸಿಕೊಂಡು ಬರೆದ ಹಾಗಿದೆ. 2008ರ ನವೆಂಬರ್ 25ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದ ಇದು ಸಿವಿಲ್ ಕಾನೂನು. ಕೌಟುಂಬಿಕ ನ್ಯಾಯಾಲಯ ಒಂದು ರಕ್ಷಣಾ ಆದೇಶ ಕೊಡುತ್ತದೆ. ಅರ್ಜಿ ಹುಡುಗಿಯೇ ಹಾಕಬೇಕು ಅಂತಿಲ್ಲ, ಸ್ಥಳೀಯ ಆಡಳಿತ ಹಾಕಬಹುದು, ಕೋರ್ಟಿನ ಅನುಮತಿ ಪಡೆದು ಟೀಚರೋ ಗೆಳತಿಯೋ ಪೊಲೀಸರೋ ಹಾಕಬಹುದು. ತುರ್ತು ಇದ್ದರೆ ಮನೆಯವರಿಗೆ ನೋಟಿಸು ಹೋಗುವ ಮುಂಚೆಯೇ ಆದೇಶ ಸಿಗುತ್ತದೆ. ಆದೇಶದಲ್ಲಿ ಏನಿರುತ್ತದೆ ಅಂದರೆ ತೀರಾ ಸರಳ ವಿಷಯಗಳು: ಅವಳ ಪಾಸ್‌ಪೋರ್ಟನ್ನು ತಂದು ಒಪ್ಪಿಸಿ. ಅವಳನ್ನು ದೇಶದಿಂದ ಹೊರಗೆ ಕರೆದೊಯ್ಯಬೇಡಿ. ಈಗಾಗಲೇ ಕರೆದೊಯ್ದಿದ್ದರೆ ಎಲ್ಲಿದ್ದಾಳೆ ಅಂತ ಹೇಳಿ, ವಾಪಸ್ ಕರೆತನ್ನಿ. ನಿಶ್ಚಿತಾರ್ಥ, ಫೋನಿನಲ್ಲಿ ನಿಕಾಹ್, ಯಾವುದೂ ಬೇಡ. ಇಷ್ಟರಲ್ಲಿ ಯಾರಿಗೂ ಕ್ರಿಮಿನಲ್ ಹಣೆಪಟ್ಟಿ ಅಂಟುವುದಿಲ್ಲ. ಅಪ್ಪನಿಗೂ ಒಂದು ಅನುಕೂಲ ಇದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಊರಲ್ಲಿ ಅಣ್ಣನಿಗೆ ಮಾತು ಕೊಟ್ಟುಬಿಟ್ಟಿರುತ್ತಾನೆ, ಹಿಂದೆ ಸರಿಯಲು ಮರ್ಯಾದೆ ಅಡ್ಡ ಬರುತ್ತದೆ, "ಏನ್ ಮಾಡೋದು, ಕೋರ್ಟ್ ತಡೆದುಬಿಟ್ಟಿದೆ" ಅಂತ ಹೇಳಲು ಒಂದು ನೆಪ ಸಿಗುತ್ತದೆ.

ಕಾನೂನು ಜಾರಿಗೆ ಬಂದ ಮೂರೇ ವಾರದಲ್ಲಿ ಅದರ ಪರೀಕ್ಷೆ ಆಯಿತು. ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿದ್ದ ಬಾಂಗ್ಲಾದೇಶದ ವೈದ್ಯೆಯೊಬ್ಬರಿಗೆ ಅಮ್ಮನಿಗೆ ಹುಷಾರಿಲ್ಲ ಅಂತ ಸುದ್ದಿ ಬಂತು, ಢಾಕಾಕ್ಕೆ ಹೋದರು, ಅಲ್ಲಿ ಮನೆಯವರು ಹಿಡಿದಿಟ್ಟುಕೊಂಡರು. ವಯಸ್ಸು ಮೂವತ್ತು ದಾಟಿತ್ತು. ಡಾಕ್ಟರ್! ಲಂಡನ್ನಿನ ಹೈಕೋರ್ಟ್ ಹೊಸ ಕಾನೂನಿನ ಕೆಳಗೆ ಆದೇಶ ಕೊಟ್ಟಿತು. ಅವರು ಬ್ರಿಟಿಷ್ ಪ್ರಜೆಯೂ ಅಲ್ಲ, ಬಾಂಗ್ಲಾದೇಶದ ನೆಲದಲ್ಲಿ ಆ ಆದೇಶಕ್ಕೆ ನೇರ ಬಲವೂ ಇಲ್ಲ. ಆದರೂ 2008ರ ಡಿಸೆಂಬರಿನಲ್ಲಿ ಢಾಕಾದ ಹೈಕೋರ್ಟ್ ಅವರನ್ನು ಬಿಡಿಸಿ ಪಾಸ್‌ಪೋರ್ಟ್ ಕೊಡಿಸಿತು. ಅಷ್ಟರಲ್ಲಿ ಬಲವಂತದ ಮದುವೆ ಆಗಿಹೋಗಿತ್ತು ಅನ್ನೋದು ಬೇರೆ ಮಾತು. ಅಲ್ಲಿಂದ ಈಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಆದೇಶಗಳು ಮೂರು ಸಾವಿರಕ್ಕೂ ಹೆಚ್ಚು ಆಗಿವೆ.

ರಾಜಕಾರಣಿಗಳಿಗೆ ಇಷ್ಟು ಸಾಲಲಿಲ್ಲ. ಸಿವಿಲ್ ಆದೇಶದ ಬಗ್ಗೆ ಭಾಷಣ ಮಾಡಿದರೆ ಯಾರು ಚಪ್ಪಾಳೆ ಹೊಡೆಯುತ್ತಾರೆ? 2012ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಬಲವಂತದ ಮದುವೆಯನ್ನೇ ಅಪರಾಧ ಮಾಡುತ್ತೇವೆ ಅಂದರು. 2014ರ ಜೂನ್ 16ರಿಂದ ಅದು ಏಳು ವರ್ಷದವರೆಗೆ ಜೈಲು ಕೊಡಬಹುದಾದ ಅಪರಾಧ ಆಯಿತು, ಆದೇಶ ಮುರಿದರೆ ಐದು ವರ್ಷ. ಮಹಿಳಾ ಸಂಘಟನೆಗಳಲ್ಲೇ ಇದರ ಬಗ್ಗೆ ಎರಡು ಪಂಗಡ. ಕರ್ಮ ನಿರ್ವಾಣದ ಜಸ್ವಿಂದರ್ ಸಂಘೇರಾ ಬೇಕೇಬೇಕು ಅಂದರು. ಅಪರಾಧ ಅಂತ ಬರೆದಿದ್ದರೆ ಹುಡುಗಿ ಮನೆಯಲ್ಲಿ "ಅಪ್ಪಾ, ಇದು ಕಾನೂನಿಗೆ ವಿರುದ್ಧ" ಅಂತ ಹೇಳಬಹುದು ಅನ್ನುವುದು ಅವರ ವಾದ. ಸೌತ್‌ಹಾಲ್‌ನವರು ಬೇಡ ಅಂದರು, ಅಮ್ಮನನ್ನು ಜೈಲಿಗೆ ಕಳಿಸಬೇಕಾಗುತ್ತೆ ಅಂತ ಗೊತ್ತಾದರೆ ಹುಡುಗಿ ಫೋನೇ ಮಾಡಲ್ಲ ಅಂದರು. ನಾನು ಎರಡನೆಯವರ ಕಡೆ ವಾಲುತ್ತೇನೆ, ಆದರೆ ಮೊದಲನೆಯ ವಾದದಲ್ಲೂ ಹುರುಳಿದೆ ಅಂತ ಒಪ್ಪಲೇಬೇಕು.

ಆಗಿದ್ದೇನು? ಮೊದಲ ಶಿಕ್ಷೆ 2015ರಲ್ಲಿ ವೇಲ್ಸ್‌ನಲ್ಲಿ ಆಯಿತು, ಅದು ಅಪ್ಪ ಅಮ್ಮನ ಕೇಸೇ ಅಲ್ಲ. ಈಗಾಗಲೇ ಮದುವೆಯಾಗಿದ್ದ ಒಬ್ಬ ಗಂಡಸು ಅತ್ಯಾಚಾರ ಮಾಡಿ, ಬ್ಲ್ಯಾಕ್‌ಮೇಲ್ ಮಾಡಿ ಮದುವೆಯಾದ ಕೇಸು, ಹದಿನಾರು ವರ್ಷ ಜೈಲು. ಹೆತ್ತವರು ತಪ್ಪಿತಸ್ಥರು ಅಂತ ತೀರ್ಮಾನ ಆಗಿದ್ದು 2018ರ ಮೇ ತಿಂಗಳಲ್ಲಿ, ಒಂದರ ಹಿಂದೆ ಒಂದು ಎರಡು ಕೇಸುಗಳಲ್ಲಿ. ಬರ್ಮಿಂಗ್‌ಹ್ಯಾಮಿನ ತಾಯಿಯೊಬ್ಬಳು ರಜೆಗೆ ಅಂತ ಮಗಳನ್ನು ಪಾಕಿಸ್ತಾನಕ್ಕೆ ಕರೆದೊಯ್ದು, ಅವಳಿಗಿಂತ ಹದಿನಾರು ವರ್ಷ ದೊಡ್ಡವನಾದ ಸಂಬಂಧಿಗೆ ಮದುವೆ ಮಾಡಿಸಿದಳು. ಒಲ್ಲೆ ಅಂದಾಗ ಪಾಸ್‌ಪೋರ್ಟ್ ಸುಟ್ಟುಹಾಕುತ್ತೇನೆ ಅಂದಿದ್ದಳು. ವಾಪಸ್ ಬಂದು ಹೈಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳೂ ಹೇಳಿದ್ದಳು. ನಾಲ್ಕೂವರೆ ವರ್ಷ. ಲೀಡ್ಸ್‌ನ ಅಪ್ಪ ಅಮ್ಮ ಮಗಳನ್ನು ಬಾಂಗ್ಲಾದೇಶಕ್ಕೆ ಕರೆದೊಯ್ದಿದ್ದರು. ಅವಳು ಹೇಗೋ ಇಂಗ್ಲೆಂಡಿಗೆ ಸುದ್ದಿ ಮುಟ್ಟಿಸಿದ್ದಕ್ಕೆ ಮದುವೆಗೆ ಸ್ವಲ್ಪ ದಿನ ಮುಂಚೆ ಹೈಕಮಿಷನ್ ಮತ್ತು ಅಲ್ಲಿನ ಪೊಲೀಸರು ಸೇರಿ ಬಿಡಿಸಿದರು. ಅಪ್ಪನಿಗೆ ನಾಲ್ಕೂವರೆ, ಅಮ್ಮನಿಗೆ ಮೂರೂವರೆ ವರ್ಷ. ಇವುಗಳ ಆಚೆ ಈಚೆ ಕೂಡಿಸಿದರೂ ಶಿಕ್ಷೆಯಾದ ಕೇಸುಗಳು ಬೆರಳೆಣಿಕೆ. ಆದೇಶಗಳು ಮೂರು ಸಾವಿರ, ಶಿಕ್ಷೆ ಬೆರಳೆಣಿಕೆ. ಹುಡುಗಿಯರು ಯಾವ ಬಾಗಿಲು ತಟ್ಟುತ್ತಿದ್ದಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಆಸ್ಟ್ರೇಲಿಯಾದ್ದು ಇನ್ನೂ ಕಹಿ. ಅಲ್ಲಿ 2013ರಲ್ಲೇ ಬಲವಂತದ ಮದುವೆಯನ್ನು ಗುಲಾಮಗಿರಿಯ ಸಾಲಿಗೆ ಸೇರಿಸಿ ಅಪರಾಧ ಮಾಡಿದರು. ಇಂಗ್ಲೆಂಡಿನ ತರದ, ಈ ವಿಷಯಕ್ಕೆ ಅಂತಲೇ ಮಾಡಿದ ಸಿವಿಲ್ ಆದೇಶ ಮಾತ್ರ ಮಾಡಲಿಲ್ಲ. ಮೊದಲ ಶಿಕ್ಷೆಗೆ ಹನ್ನೊಂದು ವರ್ಷ ಹಿಡಿಯಿತು. ವಿಕ್ಟೋರಿಯಾ ರಾಜ್ಯದ ಶೆಪ್ಪರ್ಟನ್ ಅನ್ನುವ ಊರಿನ ಒಬ್ಬ ತಾಯಿ, ಅಫ್ಘಾನಿಸ್ತಾನದಿಂದ ನಿರಾಶ್ರಿತಳಾಗಿ ಬಂದ ಹಜಾರಾ ಜನಾಂಗದ ಹೆಂಗಸು, ಮಗಳಿಗೆ 2019ರಲ್ಲಿ ಮದುವೆ ಮಾಡಿದಳು. ಮಗಳಿಗೆ ಇದು ಎರಡನೇ ಮದುವೆ, ಹದಿನೈದಕ್ಕೇ ಒಂದು ಧಾರ್ಮಿಕ ಮದುವೆ ಆಗಿ ಮುರಿದಿತ್ತು, ಗಂಡ ಬಿಟ್ಟವಳು ಅಂತ ಜನ ಆಡಿಕೊಳ್ಳುತ್ತಿದ್ದರು. ಅವಳಿಗೆ ಓದಬೇಕಿತ್ತು, ಇಪ್ಪತ್ತೇಳು ಇಪ್ಪತ್ತೆಂಟರವರೆಗೆ ಮದುವೆ ಬೇಡ ಅನ್ನುತ್ತಿದ್ದಳು. ಬೇಡ ಅಂತ ಫೆಡರಲ್ ಪೊಲೀಸರಿಗೂ ಹೇಳಿದ್ದಳು. ಆದರೂ ಮದುವೆ ಆಯಿತು. 2020ರ ಜನವರಿಯಲ್ಲಿ, ಪರ್ತ್‌ನಲ್ಲಿ, ಗಂಡ ಅವಳನ್ನು ಕೊಂದ. ಗಂಡನಿಗೆ ಜೀವಾವಧಿ ಆಯಿತು. 2024ರ ಜುಲೈನಲ್ಲಿ ತಾಯಿಗೆ ಮೂರು ವರ್ಷ ಶಿಕ್ಷೆ, ಅದರಲ್ಲಿ ಒಂದು ವರ್ಷ ಜೈಲಿನಲ್ಲಿ ಕಳೆಯಲೇಬೇಕಿತ್ತು. ಆ ತಾಯಿಗೂ ಹನ್ನೆರಡು ಹದಿಮೂರರಲ್ಲೇ ಮದುವೆ ಮಾಡಿಸಿದ್ದರು ಅಂತ ಕೋರ್ಟಿನ ಮುಂದೆ ಬಂತು. ಸತ್ತ ಮಗಳಿಗೆ ಆ ಶಿಕ್ಷೆಯಿಂದ ಏನು ಬಂತು? ಮದುವೆಗೆ ಮುಂಚೆ, ಪೊಲೀಸರ ಮುಂದೆ ಕೂತಿದ್ದಾಗ, ಯಾರನ್ನೂ ಜೈಲಿಗೆ ಹಾಕದೆ ಇದನ್ನು ನಿಲ್ಲಿಸುವ ಒಂದು ಕಾಗದ ಅವಳ ಕೈಗೆ ಸಿಕ್ಕಿದ್ದರೆ ಅಂತ ನಾನು ಯೋಚಿಸುತ್ತಿರುತ್ತೇನೆ. ಇನ್ನೂ ಒಂದು ವಿಷಯ, ಆಸ್ಟ್ರೇಲಿಯಾದಲ್ಲಿ ಬಹಳ ವರ್ಷ ಸರ್ಕಾರದ ನೆರವು ಬೇಕಾದರೆ ಮೊದಲು ಪೊಲೀಸರ ಹತ್ತಿರವೇ ಹೋಗಬೇಕಿತ್ತು. ಪೊಲೀಸರ ಹತ್ತಿರ ಹೋಗದೆಯೂ ನೆರವು ಸಿಗುವ ವ್ಯವಸ್ಥೆ ಇತ್ತೀಚೆಗಷ್ಟೇ ಬಂದಿದೆ.

ಇನ್ನು ವೀಸಾ ದಾರಿ. ಹುಡುಗಿಯನ್ನು ಕಾಪಾಡುತ್ತೇವೆ ಅಂತ ಹೊರಟು ಸರ್ಕಾರಗಳು ತಮ್ಮದೇ ಬೇಳೆ ಬೇಯಿಸಿಕೊಂಡಿದ್ದು ಇಲ್ಲೇ ಜಾಸ್ತಿ. ಡೆನ್ಮಾರ್ಕ್ 2002ರಲ್ಲಿ ಒಂದು ನಿಯಮ ತಂದಿತು, ಹೊರದೇಶದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ಇಬ್ಬರಿಗೂ 24 ವರ್ಷ ಆಗಿರಬೇಕು. ವಯಸ್ಸು ಮಾಗಿದರೆ ಮನೆಯವರಿಗೆ ಎದುರು ನಿಲ್ಲುವ ಶಕ್ತಿ ಬರುತ್ತದೆ ಅನ್ನುವುದು ಕೊಟ್ಟ ಕಾರಣ. ಆಗಿದ್ದು ಏನೆಂದರೆ, ಪ್ರೀತಿಸಿ ಮದುವೆಯಾದ ಜೋಡಿಗಳು ಗಂಟುಮೂಟೆ ಕಟ್ಟಿಕೊಂಡು ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೋದಲ್ಲಿ ಮನೆ ಮಾಡಿದರು, ಬೆಳಿಗ್ಗೆ ಎದ್ದು ಕೋಪನ್‌ಹೇಗನ್‌ಗೆ ರೈಲಿನಲ್ಲಿ ಕೆಲಸಕ್ಕೆ ಬರತೊಡಗಿದರು. ಮರುವರ್ಷ ಡೆನ್ಮಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳ ನಡುವೆ ಅಥವಾ ಹತ್ತಿರದ ನೆಂಟರ ನಡುವೆ ಮದುವೆ ಆಗಿದ್ದರೆ ಅದು ಬಲವಂತದ್ದೇ ಇರಬೇಕು ಅಂತ ಊಹಿಸಿಕೊಂಡು ವೀಸಾ ತಡೆಯತೊಡಗಿತು. ಈ ನಿಯಮ ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಸೋದರಮಾವನ ಮಗ, ಅತ್ತೆಯ ಮಗಳು, ಸ್ವಂತ ಸೋದರಮಾವನೇ, ನಮ್ಮ ಕರ್ನಾಟಕದಲ್ಲಿ ಇಂಥ ಮದುವೆ ಇಲ್ಲದ ಮನೆತನ ಎಷ್ಟು ಸಿಗುತ್ತದೆ? ಅದರಲ್ಲಿ ಒಲ್ಲದ ಮದುವೆಗಳೂ ಇವೆ, "ಹುಟ್ಟಿದಾಗಲೇ ಮಾವನಿಗೆ ಅಂತ ಇಟ್ಟಿದ್ವಿ" ಅನ್ನುವ ಮಾತಿನ ಕೆಳಗೆ ನಲುಗಿದವರೂ ಇದ್ದಾರೆ, ಖುಷಿಯಾಗಿ ಆದವರೂ ಇದ್ದಾರೆ. ಸಂಬಂಧ ನೋಡಿ ಒಪ್ಪಿಗೆ ಅಳೆಯಲು ಆಗುವುದಿಲ್ಲ. ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಬೇಕು. ಅದಕ್ಕೆ ಸಮಯ ಬೇಕು, ಅವಳ ಭಾಷೆ ಬಲ್ಲವರು ಬೇಕು. ಊಹೆ ಮಾಡಿಕೊಳ್ಳುವುದು ಅಗ್ಗ.

ಬ್ರಿಟನ್ ಕೂಡ 2008ರಲ್ಲಿ ಸಂಗಾತಿ ವೀಸಾದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಅದು ಸುಪ್ರೀಂ ಕೋರ್ಟಿಗೆ ಹೋದಾಗ ಒಂದು ಕೇಸಿನ ಅರ್ಜಿದಾರ ಯಾರು ಗೊತ್ತಾ? ಚಿಲಿ ದೇಶದ ಹುಡುಗ. ಬ್ರಿಟಿಷ್ ಹುಡುಗಿಯನ್ನು ಪ್ರೀತಿಸಿ ಮದುವೆಯಾಗಿದ್ದ. ಬಲವಂತದ ಗಂಧಗಾಳಿಯೂ ಇಲ್ಲ. 2011ರ ಅಕ್ಟೋಬರಿನಲ್ಲಿ ಕೋರ್ಟ್, ಈ ನಿಯಮದಿಂದ ಎಷ್ಟು ಬಲವಂತದ ಮದುವೆ ತಪ್ಪುತ್ತೆ ಅಂತ ಸರ್ಕಾರ ತೋರಿಸಿಲ್ಲ, ತೊಂದರೆ ಆಗುತ್ತಿರೋದು ಬೇರೆಯವರಿಗೇ ಜಾಸ್ತಿ ಅಂತ ಅದನ್ನು ಒಪ್ಪಲಿಲ್ಲ. ಮತ್ತೆ 18. ಜರ್ಮನಿಯದ್ದು ಇನ್ನೂ ಸೋಜಿಗ. 2011ರಲ್ಲಿ ಬಲವಂತದ ಮದುವೆಯನ್ನು ಪ್ರತ್ಯೇಕ ಅಪರಾಧ ಮಾಡಿದ ಅದೇ ಕಾನೂನಿನಲ್ಲಿ, ಹೊರದೇಶದಿಂದ ಬಂದ ಹೆಂಡತಿ ಗಂಡನನ್ನು ಬಿಟ್ಟರೂ ಜರ್ಮನಿಯಲ್ಲಿ ಉಳಿಯಲು ಎಷ್ಟು ವರ್ಷ ಸಂಸಾರ ಮಾಡಿರಬೇಕು ಅನ್ನುವುದನ್ನು ಎರಡರಿಂದ ಮೂರಕ್ಕೆ ಏರಿಸಿದರು. ಒಂದು ಕೈಯಲ್ಲಿ ಬೀಗ ತೆಗೆದು ಇನ್ನೊಂದು ಕೈಯಲ್ಲಿ ಹಾಕಿದ ಹಾಗೆ. ತೀರಾ ಕಷ್ಟ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ಅವಳೇ ಸಾಬೀತು ಮಾಡಬೇಕು. ಜರ್ಮನಿಗೆ ನ್ಯಾಯವಾಗಿ ಸಲ್ಲಬೇಕಾದ್ದೂ ಒಂದಿದೆ. ಹೊರದೇಶಕ್ಕೆ ಸಾಗಿಸಲ್ಪಟ್ಟ ಹುಡುಗಿಗೆ ಹತ್ತು ವರ್ಷದವರೆಗೂ ವಾಪಸ್ ಬರುವ ಹಕ್ಕನ್ನು ಕೊಟ್ಟಿದ್ದು ಅದೇ ಕಾನೂನು.

ವೀಸಾ ತಡೆದರೆ ಹುಡುಗಿಗೆ ನಿಜಕ್ಕೂ ಅನುಕೂಲ ಆಗುವ ಜಾಗ ಒಂದಿದೆ, ವಿಚಿತ್ರ ಅಂದರೆ ಅಲ್ಲೇ ಸರ್ಕಾರ ಜಾರಿಕೊಳ್ಳುತ್ತದೆ. ಮದುವೆ ಮಾಡಿಸಿ ಹುಡುಗಿಯನ್ನು ಇಂಗ್ಲೆಂಡಿಗೆ ವಾಪಸ್ ಕರೆತಂದು, ಕೆಲಸಕ್ಕೆ ಸೇರಿಸಿ, ಸಂಬಳದ ಚೀಟಿ ತೋರಿಸಿ, ಗಂಡನಿಗೆ ವೀಸಾ ಅರ್ಜಿ ಹಾಕಿಸುತ್ತಾರೆ. ಅವಳು ಗುಟ್ಟಾಗಿ ಫೋನ್ ಮಾಡಿ "ದಯವಿಟ್ಟು ಕೊಡಬೇಡಿ, ಆದರೆ ನಾನು ಹೇಳಿದೆ ಅಂತ ಹೇಳಬೇಡಿ" ಅನ್ನುತ್ತಾಳೆ. ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು, ಕಾರಣ ಬರೆದರೆ ಮನೆಯವರಿಗೆ ಗೊತ್ತಾಗುತ್ತದೆ. ಹಾಗಾಗಿ ಅವಳೇ ಬಹಿರಂಗ ಹೇಳಿಕೆಗೆ ಸಹಿ ಹಾಕಬೇಕು ಅನ್ನುತ್ತಾರೆ. ಹಾಕಿದರೆ ಜೀವಕ್ಕೆ ಕುತ್ತು, ಹಾಕದಿದ್ದರೆ ಒಲ್ಲದ ಗಂಡ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬಂದಿಳಿಯುತ್ತಾನೆ. 2018ರಲ್ಲಿ ಬ್ರಿಟಿಷ್ ಪತ್ರಿಕೆಗಳು ಇದನ್ನು ಬಯಲಿಗೆ ತಂದಾಗ, ತಡೆಯಿರಿ ಅಂತ ಕೇಳಿಕೊಂಡ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ವೀಸಾ ಸಿಕ್ಕಿತ್ತು. ಕೆಲವೇ ತಿಂಗಳು ಆದಮೇಲೆ ಇನ್ನೊಂದು ಸುದ್ದಿ. ಸೊಮಾಲಿಯಾದಲ್ಲಿ ಮಕ್ಕಳನ್ನು ತಿದ್ದುತ್ತೇವೆ ಅನ್ನುವ ಹೆಸರಿನ ಧಾರ್ಮಿಕ ಸಂಸ್ಥೆಯೊಂದರಿಂದ ಬಿಡಿಸಿ ತಂದ ನಾಲ್ವರು ಹುಡುಗಿಯರಿಗೆ, ಕರೆತಂದ ಖರ್ಚು ಅಂತ ತಲಾ 740 ಪೌಂಡ್ ಸಾಲ ಬರೆದಿದ್ದರು. ಆಗಿನ ಲೆಕ್ಕದಲ್ಲಿ ಅರವತ್ತೈದು ಸಾವಿರ ರೂಪಾಯಿಗೂ ಮೇಲೆ. ತೀರಿಸುವವರೆಗೆ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ಕಿತ್ತುಕೊಳ್ಳುವವರು ಮೊದಲು ಮನೆಯವರು, ಆಮೇಲೆ ಸರ್ಕಾರ! ಪತ್ರಿಕೆಯಲ್ಲಿ ಬಂದು ಗಲಾಟೆ ಆದಮೇಲೆ, 2019ರ ಜನವರಿಯಲ್ಲಿ, ವಿದೇಶಾಂಗ ಸಚಿವರು ಆ ಪದ್ಧತಿ ನಿಲ್ಲಿಸಿದರು.

ಬಲವಂತಕ್ಕೆ ಸಿಗುವವರು ಹುಡುಗಿಯರು ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನ 2018ರ ಲೆಕ್ಕದಲ್ಲಿ ಆರರಲ್ಲಿ ಒಬ್ಬರು ಗಂಡಸು. ಗಂಡಸರ ಕಡೆಗೆ ಒಲವಿರುವ ಹುಡುಗರಿದ್ದಾರೆ, ಬುದ್ಧಿ ಬೆಳವಣಿಗೆ ಕಮ್ಮಿ ಇರುವವರಿದ್ದಾರೆ. ಕೊನೆಯವರ ವಿಷಯದಲ್ಲಿ ಹೆತ್ತವರು ಕೆಟ್ಟವರೂ ಅಲ್ಲ, "ನಾವು ಹೋದಮೇಲೆ ಇವನನ್ನ ನೋಡ್ಕೊಳ್ಳೋರು ಯಾರು" ಅನ್ನುವ ಚಿಂತೆಗೆ ಊರಿಂದ ಒಬ್ಬಳನ್ನು ತಂದು ಕಟ್ಟುತ್ತಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ ಗಾದೆ ಮಾಡಿಟ್ಟುಕೊಂಡ ನಮಗೆ ಈ ಯೋಚನೆ ಹೊಸದೇನಲ್ಲ. ಒಪ್ಪಿಗೆ ಅಂದರೆ ಏನು ಅಂತ ಅರ್ಥವಾಗದವರ ಮದುವೆಯಲ್ಲಿ, ಹೊಡೆತ ಬೆದರಿಕೆ ಏನೂ ಇಲ್ಲದಿದ್ದರೂ ಅದು ಬಲವಂತವೇ ಅನ್ನುತ್ತದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಈಗಿನ ಕಾನೂನು. 2023ರ ಫೆಬ್ರವರಿಯಿಂದ 18 ತುಂಬದವರಿಗೂ ಇದೇ ಮಾತು, ಹುಡುಗಿಯೇ ಖುಷಿಯಿಂದ ಹೂಂ ಅಂದಿದ್ದರೂ ಮದುವೆ ಮಾಡಿಸಿದವರು ಅಪರಾಧಿಗಳು.

ನಾರ್ವೆಯವರ ಒಂದು ಕೆಲಸ ನನಗೆ ಹಿಡಿಸಿತು. ಕಾನೂನು ಅವರೂ ಮಾಡಿದರು, 2003ರಲ್ಲಿ. ಆದರೆ ಅದರ ಜೊತೆಗೆ ವಲಸಿಗರ ಮಕ್ಕಳು ಜಾಸ್ತಿ ಓದುವ ಹೈಸ್ಕೂಲುಗಳಲ್ಲಿ ಇದಕ್ಕೆ ಅಂತಲೇ ಸಲಹೆಗಾರರನ್ನು ಕೂರಿಸಿದರು, ಇಸ್ಲಾಮಾಬಾದ್, ನೈರೋಬಿಯಂಥ ಕಡೆಯ ರಾಯಭಾರ ಕಚೇರಿಗಳಿಗೂ ಒಬ್ಬೊಬ್ಬರನ್ನು ಕಳಿಸಿದರು. ಹುಡುಗಿ ಪೊಲೀಸ್ ಠಾಣೆಗೆ ಹೋಗಬೇಕಾಗಿಲ್ಲ, ಲೈಬ್ರರಿಗೆ ಹೋದ ಹಾಗೆ ಹೋಗಿ ಮಾತಾಡಬಹುದು. ಇಂಗ್ಲೆಂಡಿನಲ್ಲಿ 2008ರಲ್ಲಿ ಸಂಸತ್ತಿನ ಸಮಿತಿಯೊಂದು ವಿಚಾರಿಸಿದಾಗ, ಬಲವಂತದ ಮದುವೆಯ ಬಗ್ಗೆ ಪೋಸ್ಟರ್ ಅಂಟಿಸಲು ಕೆಲವು ಶಾಲೆಗಳು ಒಪ್ಪುತ್ತಿಲ್ಲ, ಪೋಷಕರಿಗೆ ಬೇಜಾರಾಗುತ್ತೆ ಅಂತಾರೆ ಅಂತ ಗೊತ್ತಾಯಿತು. ಬ್ರಾಡ್‌ಫರ್ಡ್ ಒಂದರಲ್ಲೇ 33 ಮಕ್ಕಳು ಶಾಲೆಯ ಲೆಕ್ಕದಿಂದ ಕಾಣೆಯಾಗಿದ್ದರು, ಎಲ್ಲಿದ್ದಾರೆ ಅಂತ ಆಡಳಿತದ ಹತ್ತಿರ ಉತ್ತರ ಇರಲಿಲ್ಲ.

ಇದೆಲ್ಲಾ ಓದುವ ನಮ್ಮವರಿಗೆ ಎರಡು ವಿಷಯ. ಲಂಡನ್ನಿನಲ್ಲೋ ಮೆಲ್ಬರ್ನ್‌ನಲ್ಲೋ ಹುಟ್ಟಿದ ಮಗಳನ್ನು ಮೈಸೂರಿಗೋ ದಾವಣಗೆರೆಗೋ ಕರೆತಂದರೆ, ಅವಳ ಕೈಯಲ್ಲಿ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ಅವಳು ಭಾರತದ ಪ್ರಜೆ ಅಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಪಾಕಿಸ್ತಾನದ ಪಾಸ್‌ಪೋರ್ಟೂ ಇರುವ ಬ್ರಿಟಿಷ್ ಹುಡುಗಿ ಅಲ್ಲಿ ಸಿಕ್ಕಿಕೊಂಡರೆ ಬ್ರಿಟಿಷ್ ಅಧಿಕಾರಿಗಳ ಕೈ ಕಟ್ಟಿದ ಹಾಗಾಗುತ್ತದೆ. ಇಲ್ಲಿ ಆ ತೊಡಕಿಲ್ಲ, ಬೆಂಗಳೂರಲ್ಲೇ ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್ ಇದೆ.

ಎರಡನೆಯದು ಇಲ್ಲೇ ಹುಟ್ಟಿ ಬೆಳೆದವರ ಬಗ್ಗೆ. ಹದಿನೆಂಟರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ, ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅನ್ನುವ ತಿದ್ದುಪಡಿಯೂ ಇದೆ, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೆಚ್ಚಿಕೊಂಡು ಬೇರೆ ರಾಜ್ಯಗಳೂ ಹೀಗೆ ಮಾಡಲಿ ಅಂದಿತ್ತು. ಆದರೆ ಇಪ್ಪತ್ತೆರಡರ ಹುಡುಗಿಗೆ? ಅಪಹರಣ ಮಾಡಿ ಮದುವೆಗೆ ನೂಕಿದರೆ ಹತ್ತು ವರ್ಷದವರೆಗೆ ಶಿಕ್ಷೆ ಅಂತ ಕ್ರಿಮಿನಲ್ ಕಾನೂನಿದೆ, ಅಪ್ಪ ಅಮ್ಮನ ಮೇಲೆ ಅದನ್ನು ಯಾರು ಹಾಕುತ್ತಾರೆ? ಇಂಗ್ಲೆಂಡಿನ ಆದೇಶದಂಥದ್ದು ನಮ್ಮಲ್ಲೂ ಬೇಕು ಅಂತ ಬರೆಯಲು ಕೂತಾಗ ಒಂದು ಫಾರಂ ನೆನಪಾಯಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಯರಿಗೆ ಮಾತ್ರ ಅಲ್ಲ, ಒಂದೇ ಸೂರಿನಡಿ ಇರುವ ಮಗಳಿಗೂ ಅನ್ವಯಿಸುತ್ತದೆ. ರಕ್ಷಣಾ ಆದೇಶ ಮ್ಯಾಜಿಸ್ಟ್ರೇಟ್ ಕೊಡಬಹುದು, ಮುರಿದರೆ ಮಾತ್ರ ಜೈಲು, ಅದೂ ಒಂದು ವರ್ಷದವರೆಗೆ. 2016ರಿಂದ ಹೆಂಗಸರ ಮೇಲೂ, ಅಂದರೆ ಅಮ್ಮನ ಮೇಲೂ, ಆದೇಶ ತರಬಹುದು, ಕಾನೂನಿನಲ್ಲಿದ್ದ "ವಯಸ್ಕ ಪುರುಷ" ಅನ್ನುವ ಪದವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದೆ. ನನಗೆ ಗೊತ್ತಿರುವ ವಕೀಲರು ಇದನ್ನು ಗಂಡ ಅತ್ತೆಯ ಕೇಸಿಗಷ್ಟೇ ಬಳಸುತ್ತಾರೆ. ಆದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಆ ಮೊದಲನೇ ಫಾರಂ ತೆಗೆದು ನೋಡಿ. ಮಾತಿನ ಮತ್ತು ಮನಸ್ಸಿನ ಹಿಂಸೆ ಅನ್ನುವ ಪಟ್ಟಿಯಲ್ಲಿ ವರದಕ್ಷಿಣೆಯ ಹಂಗಿಸುವಿಕೆಯ ಜೊತೆಗೇ ಇನ್ನೊಂದು ಸಾಲಿದೆ: ಮದುವೆ ಬೇಡ ಅಂದರೂ ಮದುವೆಯಾಗು ಅಂತ ಬಲವಂತ ಮಾಡುವುದು.